ಶ್ರೀರಂಗಪಟ್ಟಣ: ಒಂದು ಕೋಟೆಯ ಪಾಠಾಂತರಗಳು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಿಂದ ರಾತ್ರಿ ಊಟವಾದ ಮೇಲೆ ಹೊರಟ ಶೈಕ್ಷಣಿಕ ಪ್ರವಾಸದ ಬಸ್ಸು ಬೆಳಗಿನ ಹೊತ್ತಿಗೆ ಕಾವೇರಿಯ ಸೇತುವೆಯನ್ನು ದಾಟುತ್ತದೆ. ಒಳಗಿರುವವರು ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳು. ಚಿತ್ರದುರ್ಗದ ಕೋಟೆಯನ್ನು ಬಾಲ್ಯದಿಂದಲೂ ಕಂಡ ಮಕ್ಕಳಿಗೆ ಕೋಟೆಯೆಂದರೆ ಬೆಟ್ಟ, ಬಂಡೆ, ಬತೇರಿ. ಶ್ರೀರಂಗಪಟ್ಟಣದಲ್ಲಿ ಅವರಿಗೆ ಮೊದಲು ಎದುರಾಗುವುದು ನೀರು. ನದಿ ಎರಡಾಗಿ ಸೀಳಿ, ದ್ವೀಪವನ್ನು ಬಳಸಿ, ಮತ್ತೆ ಒಂದಾಗುತ್ತದೆ. ದ್ವೀಪದ ಪಶ್ಚಿಮದ ತುದಿಯಲ್ಲಿ ಕೋಟೆ, ಅದರಿಂದ ಪೂರ್ವಕ್ಕೆ ತೋಟಗಳು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ನಗರವೂ ಬರುತ್ತದೆ, ಉದ್ಯಾನಕ್ರೀಡೆಯೂ ಜಲಕ್ರೀಡೆಯೂ ಬರುತ್ತವೆ. ಲಕ್ಷಣಗ್ರಂಥದ ಆ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ಅದು ಇಲ್ಲಿ ನೆಲದ ಮೇಲೆಯೇ ಹರಡಿಕೊಂಡಂತೆ ಕಾಣುತ್ತದೆ.

ಆದರೆ ಪ್ರವಾಸಿಗೆ ಇಲ್ಲಿ ತೋರಿಸಲಾಗುವ ಕೋಟೆ ಕಾವ್ಯದ್ದಲ್ಲ, ಒಂದು ದಿನದ್ದು. ಆ ದಿನ 1799ರ ಮೇ 4. ವಾಯವ್ಯ ಮೂಲೆಯಲ್ಲಿ ಇಂಗ್ಲಿಷರ ಫಿರಂಗಿಗಳು ಗೋಡೆಯನ್ನು ಒಡೆದ ಸ್ಥಳ. ಅದರ ನೆನಪಿಗೆ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕಸ್ತಂಭ. ಟಿಪ್ಪು ಸುಲ್ತಾನನ ದೇಹ ದೊರೆತ ಜಾಗ. ಸೆರೆಯಾಳುಗಳನ್ನು ಇರಿಸಿದ್ದ ನೆಲಮಾಳಿಗೆ. ಮಾರ್ಗದರ್ಶಕರ ಮಾತು ಈ ಕೊಂಡಿಗಳನ್ನು ಹಿಡಿದೇ ಸಾಗುತ್ತದೆ. ಎಲ್ಲವೂ ಒಂದೇ ಮಧ್ಯಾಹ್ನದ ಸುತ್ತ ತಿರುಗುತ್ತದೆ.

ಆ ಮಧ್ಯಾಹ್ನದ ಕಥೆ ಸ್ವಾರಸ್ಯವಾದುದೇ. ಅದರ ಮುಖ್ಯ ಪಾತ್ರಗಳಲ್ಲಿ ಹಲವರು ಇಂಗ್ಲೆಂಡಿನವರಲ್ಲ, ಸ್ಕಾಟ್ಲೆಂಡಿನವರು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ವಿಲಿಯಂ ಬೈಲಿಯ ಪಡೆ ಹೈದರಾಲಿ ಮತ್ತು ಟಿಪ್ಪುವಿನ ಎದುರು ಸೋತು ಶರಣಾಯಿತು. ಬೈಲಿಯೂ, ಅವನ ಪಡೆಯಲ್ಲಿದ್ದ ಡೇವಿಡ್ ಬೇರ್ಡನೂ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಬೈಲಿ 1782ರಲ್ಲಿ ಸೆರೆಯಲ್ಲಿಯೇ ಸತ್ತ. ಕೋಟೆಯ ಉತ್ತರದ ಗೋಡೆಗೆ ಹೊಂದಿಕೊಂಡ, ಇಂದಿಗೂ ಅವನ ಹೆಸರಿನಿಂದಲೇ ಕರೆಯಲ್ಪಡುವ ಕಮಾನಿನ ಮಾಳಿಗೆಯಲ್ಲಿ ಸರಪಳಿ ಬಿಗಿಯಲು ಗೋಡೆಗೆ ನಾಟಿದ, ರಂಧ್ರಗಳಿರುವ ಕಲ್ಲುಚಪ್ಪಡಿಗಳನ್ನು ಮಕ್ಕಳು ಮುಟ್ಟಿ ನೋಡುತ್ತಾರೆ. ಬೇರ್ಡ್ ಮೂರು ವರ್ಷ ಎಂಟು ತಿಂಗಳು ಬಂಧನದಲ್ಲಿದ್ದು 1784ರಲ್ಲಿ ಬಿಡುಗಡೆ ಹೊಂದಿದ. ಹದಿನೈದು ವರ್ಷಗಳ ಅನಂತರ ಅದೇ ಕೋಟೆಗೆ ಲಗ್ಗೆ ಹಾಕಿದ ಸೈನ್ಯದ ಮುಂದಾಳು ಅವನೇ. ಅವನ ವಿಧವೆಯ ಕೋರಿಕೆಯ ಮೇರೆಗೆ ಸ್ಕಾಟ್ಲೆಂಡಿನ ಚಿತ್ರಕಾರ ಸರ್ ಡೇವಿಡ್ ವಿಲ್ಕಿ 1839ರಲ್ಲಿ ಪೂರ್ಣಗೊಳಿಸಿದ ಬೃಹತ್ ವರ್ಣಚಿತ್ರದಲ್ಲಿ ಪಂಜಿನ ಬೆಳಕಿನಲ್ಲಿ ಬೇರ್ಡ್ ಟಿಪ್ಪುವಿನ ದೇಹದ ಬಳಿ ನಿಂತಿದ್ದಾನೆ. ಅವನ ಕಾಲ ಕೆಳಗೆ ನೆಲಮಾಳಿಗೆಯ ಕಬ್ಬಿಣದ ಜಾಲರಿ ಕಾಣುತ್ತದೆ. ಒಂದು ಕಾಲದ ಸೆರೆಯಾಳು ಸೆರೆಮನೆಯ ಮೇಲೆಯೇ ನಿಂತು ಗೆದ್ದನೆಂಬ ಅರ್ಥ ಅದರಲ್ಲಿದೆ. ಆ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಅಲ್ಲಿಯ ಕ್ರೀಫ್ ಎಂಬ ಊರಿನ ಸಮೀಪದ ಗುಡ್ಡದ ಮೇಲೆ ಬೇರ್ಡನ ನೆನಪಿನ ಕಲ್ಲುಕಂಬವೂ ಇದೆ. ಕಾವೇರಿಯ ದಡದ ಒಂದು ಮಧ್ಯಾಹ್ನಕ್ಕೆ ಎರಡು ದೇಶಗಳಲ್ಲಿ ಕಂಬಗಳು ನಿಂತಿವೆ.

ಇಷ್ಟನ್ನೂ ಕೇಳಿಸಿಕೊಂಡ ವಿದ್ಯಾರ್ಥಿನಿಯೊಬ್ಬಳು, ಅರಮನೆಯಿದ್ದ ಬಯಲಿನ ಅಂಚಿನಲ್ಲಿ ನಿಂತು, ಮಾರ್ಗದರ್ಶಕರಾದ ಹಿರಿಯರನ್ನು ಕೇಳಿದಳು:

“ಸರ್, ಸಂಚಿ ಹೊನ್ನಮ್ಮ ಇದ್ದದ್ದು ಎಲ್ಲಿ?”

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹೆಸರು ಅವರಿಗೆ ಹೊಸದಲ್ಲ. ಶಾಲೆಯ ಪುಸ್ತಕದಲ್ಲಿ ಓದಿದ ನೆನಪಿತ್ತು. “ಅದನ್ನ ಇಲ್ಲೀವರೆಗೂ ಯಾರೂ ಕೇಳಿಲ್ಲ ಕಣಮ್ಮ” ಎಂದರು. ಅನಂತರ, ತಮಗೇ ಹೇಳಿಕೊಳ್ಳುವಂತೆ, “ಇದ್ದದ್ದು ಇಲ್ಲೇ ಅಲ್ವ?” ಎಂದರು.

ಪ್ರವಾಸದಲ್ಲಿ ನಡೆದದ್ದು ಇಷ್ಟೇ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಆ ಪ್ರಶ್ನೆಯಿಂದ ಕೋಟೆಯೇ ಬೇರೆಯಾಗುತ್ತದೆ.

ಹಸ್ತಪ್ರತಿಶಾಸ್ತ್ರದ ಮೊದಲ ಪಾಠವೆಂದರೆ, ಕೈಗೆ ಸಿಕ್ಕ ಪ್ರತಿ ಕೊನೆಯ ಲಿಪಿಕಾರನದು ಎಂಬುದು. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕೊನೆಯ ಪ್ರತಿಯನ್ನೇ ಕವಿಯ ಪಾಠವೆಂದು ನಂಬಿದವನು ಸಂಪಾದಕನಾಗಲಾರ. ಶ್ರೀರಂಗಪಟ್ಟಣದ ಕೊನೆಯ ಲಿಪಿಕಾರ 1799. ಅವನ ಅಕ್ಷರ ದಪ್ಪ, ಮಸಿ ಗಾಢ. ಹಾಗಾಗಿ ಕೆಳಗಿನ ಸಾಲುಗಳು ಮಸುಕಾಗಿವೆ. ಮಸುಕಾಗಿವೆಯೇ ಹೊರತು ಅಳಿದಿಲ್ಲ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲನಿಂದ ಈ ಪಟ್ಟಣವನ್ನು ಪಡೆದುಕೊಂಡರು. ಅದೇ ವರ್ಷ ಇಲ್ಲಿ ಮಹಾನವಮಿಯ ಉತ್ಸವ ಮೊದಲಾಯಿತು. ಇಂದು ಮೈಸೂರಿನ ದಸರೆಯೆಂದು ಜಗತ್ತು ಕರೆಯುವುದರ ತೊಟ್ಟಿಲು ಈ ಕೋಟೆ. ಆ ಉತ್ಸವವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ ಕಾವ್ಯ ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’. ಕಾಲ 1648, ಛಂದಸ್ಸು ಸಾಂಗತ್ಯ. ಅದರಲ್ಲಿ ಪಟ್ಟಣದ ಬೀದಿಗಳಿವೆ, ಅಂಗಡಿಸಾಲುಗಳಿವೆ, ಅರಮನೆಯಿದೆ, ಒಡ್ಡೋಲಗವಿದೆ, ಮಲ್ಲರ ಕಾಳಗವಿದೆ. ಮೂರೂಮುಕ್ಕಾಲು ಶತಮಾನದ ಹಿಂದೆ ಇದೇ ಬಯಲಿನಲ್ಲಿ ಜನ ಹೇಗೆ ಸೇರುತ್ತಿದ್ದರು, ಏನನ್ನು ನೋಡಿ ಬೆರಗಾಗುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ತುಂಬಿದ ಕನ್ನಡ ಸಾಕ್ಷ್ಯ ಸಿಗುವುದು ಕಷ್ಟ. ಬಯಲಿನಲ್ಲಿ ನಿಲ್ಲಿಸಿದ ಫಲಕ ಅರಮನೆಯ ನಾಶವನ್ನು ಹೇಳಿದರೆ, ಕಾವ್ಯ ಅರಮನೆಯ ಬಾಳನ್ನು ಹೇಳುತ್ತದೆ.

ಈ ಕಾವ್ಯಕ್ಕೂ ದಾವಣಗೆರೆಯಿಂದ ಬಂದವರಿಗೂ ಒಂದು ನೇರ ನಂಟಿದೆ. ಕಂಠೀರವ ನರಸರಾಜ ಒಡೆಯರು ಹಿಮ್ಮೆಟ್ಟಿಸಿದ ಮುತ್ತಿಗೆ ಬಿಜಾಪುರದ ಸೇನಾನಿ ರಣದುಲ್ಲಾಖಾನನದು. ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿನ ಪುಷ್ಕರಣಿಯ ಎದುರಿನ ಮುಸಾಫಿರಖಾನೆಯೊಂದಿಗೆ ಜೋಡಿಸಿ ಹೇಳುವ ಹೆಸರೂ ಅವನದೇ. ಹೊಂಡದ ನಡುವೆ ನಿಂತ ವಸಂತಮಂಟಪವನ್ನು ನೋಡಲು ಶಾಲಾದಿನಗಳಲ್ಲಿ ಬುತ್ತಿ ಕಟ್ಟಿಕೊಂಡು ಹೋದವರಿಗೆ, ಅಲ್ಲಿ ಕೇಳಿದ ಹೆಸರು ಕಾವೇರಿಯ ದಡದ ಸಾಂಗತ್ಯದಲ್ಲಿ ಶತ್ರುವಾಗಿ ಎದುರಾಗುತ್ತದೆ. ಒಂದು ಊರಿನ ಕಟ್ಟಡದಲ್ಲಿ ಬಿಟ್ಟುಹೋದ ವಾಕ್ಯ ಇನ್ನೊಂದು ಊರಿನ ಕಾವ್ಯದಲ್ಲಿ ಮುಂದುವರಿಯುವುದು ಹೀಗೆ.

ಇನ್ನು ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಆಳ್ವಿಕೆಯ ಕಾಲ 1673ರಿಂದ 1704. ಆ ಮೂರು ದಶಕಗಳಲ್ಲಿ ಈ ಕೋಟೆಯೊಳಗೆ ಕನ್ನಡದ ಎಷ್ಟು ಕೆಲಸ ನಡೆಯಿತೆಂಬುದನ್ನು ಸಾಹಿತ್ಯಚರಿತ್ರೆ ಓದಿದವರು ಬಲ್ಲರು. ತಿರುಮಲಾರ್ಯನ ‘ಅಪ್ರತಿಮವೀರಚರಿತೆ’, ಚಿಕುಪಾಧ್ಯಾಯನ ಕೃತಿರಾಶಿ, ಇಂದು ಉಪಲಬ್ಧವಿರುವ ಕನ್ನಡ ನಾಟಕಗಳಲ್ಲಿ ಮೊದಲನೆಯದೆಂದು ಎಣಿಸಲಾಗುವ ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’, ಎಲ್ಲವೂ ಈ ಆಸ್ಥಾನದವು. ಆ ವಿದ್ವಾಂಸರ ನಡುವೆ, ರಾಣಿ ದೇವಾಜಮ್ಮಣ್ಣಿಯ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿ, ಯಳಂದೂರಿನಿಂದ ಬಂದ ಹೆಣ್ಣುಮಗಳೊಬ್ಬಳಿದ್ದಳು. ಅವಳು ಬರೆದ ‘ಹದಿಬದೆಯ ಧರ್ಮ’ ಹೆಸರಿನಲ್ಲಿ ಪತಿವ್ರತೆಯ ನಡೆಯನ್ನು ಬೋಧಿಸುವ ಕೃತಿ. ಆದರೆ ಅದರೊಳಗೆ ಹೆಣ್ಣನ್ನು ಹೀಗಳೆಯುವವರನ್ನು ನಿಲ್ಲಿಸಿ ಕೇಳುವ ದನಿಯೊಂದಿದೆ: ಹೆತ್ತವಳೂ ಸಾಕಿದವಳೂ ಹೆಣ್ಣಲ್ಲವೇ ಎಂಬ ದನಿ. ಕಟ್ಟಳೆಯ ಚೌಕಟ್ಟಿನೊಳಗೆ ನಿಂತೇ ಕಟ್ಟಳೆಯನ್ನು ಕೆಣಕುವ ಆ ಜಾಣ್ಮೆ ಹುಟ್ಟಿದ್ದು ಈ ಗೋಡೆಗಳ ನಡುವೆ. ಅವಳ ಕೈಯ ಸಂಚಿ ಯಾವ ಕೋಣೆಯ ಗೂಟಕ್ಕೆ ತೂಗುತ್ತಿತ್ತೋ, ಕೆಲಸ ಮುಗಿದ ಮೇಲೆ ಯಾವ ಜಗುಲಿಯಲ್ಲಿ ಕುಳಿತು ಪದ್ಯ ಹೊಂದಿಸಿದಳೋ, ಅದನ್ನು ತೋರಿಸುವ ಕಲ್ಲಿಲ್ಲ. ಬೈಲಿಯ ಸರಪಳಿಗೆ ಕಲ್ಲು ಇದೆ.

ಇದು ದೂರಲ್ಲ. ಕಲ್ಲು ಯುದ್ಧವನ್ನು ನೆನಪಿಟ್ಟುಕೊಳ್ಳುವಷ್ಟು ಸುಲಭವಾಗಿ ಪದ್ಯವನ್ನು ನೆನಪಿಟ್ಟುಕೊಳ್ಳದು. ಪದ್ಯಕ್ಕೆ ಓಲೆ ಬೇಕು, ಓಲೆಗೆ ಓದುವವರು ಬೇಕು. ಹಾಗಾಗಿ ಕೋಟೆಯ ಈ ಪಾಠವನ್ನು ಕಾಯುವ ಹೊಣೆ ಪ್ರವಾಸೋದ್ಯಮದವರಿಗಿಂತ ಹೆಚ್ಚಾಗಿ ಸಾಹಿತ್ಯ ಓದುವವರದು.

ಕೋಟೆಯಿಂದ ಹೊರಬಿದ್ದು ಪೂರ್ವಕ್ಕೆ ನಡೆದರೆ ದರಿಯಾ ದೌಲತ್ ತೋಟ. 1784ರಲ್ಲಿ ಟಿಪ್ಪು ಕಟ್ಟಿಸಿದ ತೇಗದ ಮರದ ಬೇಸಿಗೆಮನೆ. ಸುತ್ತ ನೇರವಾದ ದಾರಿಗಳಿಂದ ಚೌಕಗಳಾಗಿ ವಿಭಾಗಗೊಂಡ ಹಸುರು. ಬಿಸಿಲಿನಿಂದ ಕಾಪಾಡಲು ಇಳಿಬಿಟ್ಟ ಹಸಿರು ಪರದೆಗಳ ಹಿಂದೆ ಗೋಡೆಗಳ ಮೇಲೆಲ್ಲ ಚಿತ್ರಗಳು. ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರಿನ ಯುದ್ಧವಿದೆ. ಮೈಸೂರಿನ ಕುದುರೆಗಳು ಎರಡೂ ಕಡೆಯಿಂದ ಮುತ್ತಿವೆ. ಮದ್ದಿನ ಬಂಡಿ ಸಿಡಿಯುತ್ತಿದೆ. ನಡುವೆ ಪಲ್ಲಕ್ಕಿಯಲ್ಲಿ ಬೈಲಿ ಕುಳಿತಿದ್ದಾನೆ. ಕೋಟೆಯೊಳಗೆ ಬೈಲಿಯ ಮಾಳಿಗೆಯನ್ನು ಕಂಡುಬಂದವರಿಗೆ ಅವನ ಕಥೆಯ ಆರಂಭ ಇಲ್ಲಿ ಕಾಣುತ್ತದೆ.

ಪೂರ್ವದ ಗೋಡೆಯಲ್ಲಿ ಯುದ್ಧವಿಲ್ಲ, ಅರಸರ ಓಲಗಗಳಿವೆ. ತಂಜಾವೂರು, ಕೊಡಗು, ಸವಣೂರು ಮುಂತಾದ ಸಂಸ್ಥಾನಗಳ ದೊರೆಗಳ ಸಾಲಿನಲ್ಲಿ ಚಿತ್ರದುರ್ಗದ ಮದಕರಿನಾಯಕನೂ ಇದ್ದಾನೆ. ಆ ಹೆಸರು ಕೇಳಿದೊಡನೆ ಬಸ್ಸಿನಲ್ಲಿ ಬಂದವರೆಲ್ಲ ಅಲ್ಲಿಯೇ ಗುಂಪುಗೂಡಿದರು. ತಮ್ಮ ಸೀಮೆಯ ನಾಯಕ ಇಲ್ಲಿ ಓಲಗದ ಗಾಂಭೀರ್ಯದಲ್ಲಿ ಚಿತ್ರಿತನಾಗಿದ್ದಾನೆ. ಚರಿತ್ರೆಯಲ್ಲಿ ಅವನು ಈ ದ್ವೀಪಕ್ಕೆ ಬಂದದ್ದು ಹಾಗಲ್ಲ. 1779ರಲ್ಲಿ ದುರ್ಗ ಹೈದರಾಲಿಯ ವಶವಾದಾಗ ಮದಕರಿಯನ್ನು ಕುಟುಂಬಸಮೇತ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳುಹಿಸಲಾಯಿತು. ದುರ್ಗದ ಸಾವಿರಾರು ಬೇಡರನ್ನು ಈ ದ್ವೀಪಕ್ಕೆ ತಂದು ನೆಲೆಗೊಳಿಸಲಾಯಿತು. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಓದಿ ಕಣ್ಣೊರೆಸಿಕೊಂಡವರು ಈ ಗೋಡೆಯ ಮುಂದೆ ನಿಂತಾಗ ಒಂದು ಪ್ರಶ್ನೆ ಏಳದೆ ಇರದು: ಸೆರೆಯಾದವನನ್ನು ಗೆದ್ದವರ ತೋಟದ ಮನೆಯಲ್ಲಿ ಅರಸನಾಗಿ ಬರೆದವರಾರು, ಯಾವಾಗ ಬರೆದರು?

ಉತ್ತರದ ಸುಳಿವು ಅದೇ ಸಾಲಿನಲ್ಲಿದೆ. ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಚಿತ್ರವೂ ಇದೆ. ಕಟ್ಟಡ 1784ರದು, ಮುಮ್ಮಡಿಯವರು ಹುಟ್ಟಿದ್ದು 1794ರಲ್ಲಿ, ಪಟ್ಟಕ್ಕೆ ಬಂದದ್ದು ಟಿಪ್ಪುವಿನ ಮರಣದ ಅನಂತರ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಸ್ಪಷ್ಟವಾದ ಪ್ರಕ್ಷೇಪ. ಪಂಪನ ಕಾವ್ಯದ ನಡುವೆ ಹರಿಹರನ ಪ್ರಸ್ತಾಪ ಬಂದರೆ ಸಂಪಾದಕ ಹೇಗೆ ಎಚ್ಚರಗೊಳ್ಳುತ್ತಾನೋ ಹಾಗೆಯೇ ಇಲ್ಲಿ ಎಚ್ಚರಗೊಳ್ಳಬೇಕು. ಈ ಗೋಡೆ ಒಂದೇ ಕೈಯದಲ್ಲ.

ಗೋಡೆಯ ಪಾಠಚರಿತ್ರೆ ಸಾಕಷ್ಟು ತಿಳಿದಿದೆ. ಮುತ್ತಿಗೆಗೆ ಮುನ್ನವೇ ಯುದ್ಧದ ಚಿತ್ರವನ್ನು ಕೆಡಿಸಲಾಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. 1799ರ ಅನಂತರ ಈ ಮನೆಯಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ಅದೂ ಮಾಸಿದಾಗ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ ಪುನಃ ಬರೆಯಲಾಯಿತು. ಮೂಲವನ್ನು ಕಂಡು ನೆನಪಿನಲ್ಲಿಟ್ಟುಕೊಂಡಿದ್ದ ಸ್ಥಳೀಯ ಚಿತ್ರಕಾರನಿಂದ ಎಂಬ ಹೇಳಿಕೆಯಿದೆ. ತಮ್ಮ ಪಡೆಯ ಘೋರ ಸೋಲನ್ನು ಸಾರುವ ಚಿತ್ರವನ್ನು ಗೆದ್ದವರೇ ಎರಡು ಬಾರಿ ಉಳಿಸಿಕೊಂಡರು. ಗೆದ್ದ ಮೇಲೆ ಹಳೆಯ ಸೋಲು ಕಥೆಯ ರುಚಿ ಹೆಚ್ಚಿಸುತ್ತದೆ ಎಂಬುದು ಅದಕ್ಕೆ ಒಂದು ಕಾರಣವಿರಬಹುದು. ಹೇಗೇ ಆಗಲಿ, ಹೆಸರಿಲ್ಲದ ಆ ಚಿತ್ರಕಾರನ ಸ್ಮೃತಿಯೇ ಇಂದು ನೋಡುಗರ ಮುಂದಿರುವ ಪ್ರತಿ. ಮೌಖಿಕ ಪರಂಪರೆಯಿಂದ ಮತ್ತೆ ಬರಹಕ್ಕಿಳಿದ ಕಾವ್ಯದ ಹಾಗೆ.

ಡಾಲ್‌ಹೌಸಿ ಹುಟ್ಟಿದ್ದು ಎಡಿನ್‌ಬರೋ ನಗರದ ದಕ್ಷಿಣಕ್ಕಿರುವ ತನ್ನ ಮನೆತನದ ಕೋಟೆಯಲ್ಲಿ, 1812ರಲ್ಲಿ. ಆ ಕೋಟೆ ಇಂದಿಗೂ ನಿಂತಿದೆ. ಹೋಟೆಲಾಗಿ ಅತಿಥಿಗಳನ್ನು ಕಾಯುತ್ತದೆ. ಸ್ಕಾಟ್ಲೆಂಡಿನ ಅಂಥ ಕೋಟೆಗಳನ್ನೂ ಅವುಗಳ ತೋಟಗಳನ್ನೂ ನೋಡಿಬಂದ ಕನ್ನಡಿಗರು ಹೊಗಳುವುದು ಮುಖ್ಯವಾಗಿ ಒಂದು ಗುಣವನ್ನು: ಅಲ್ಲಿ ಅರಮನೆಯೂ ತೋಟವೂ ಮನೆತನದ ಕಥೆಯೂ ಬಿಡಿಬಿಡಿಯಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ತೋಟ ಉಳಿದಿದೆ, ಅರಮನೆ ಹೋಗಿದೆ. ಗುಂಬಜಿನ ಬಳಿಯ ಲಾಲ್‌ಬಾಗಿನಲ್ಲಿ ಟಿಪ್ಪು ಕಟ್ಟಿಸಿದ್ದ ಅರಮನೆಯನ್ನು ಬಿಚ್ಚಲಾಯಿತು. ಅದರ ತೊಲೆಗಳು ನೀಲಗಿರಿಯನ್ನೇರಿ ಉದಕಮಂಡಲದ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡಿಗೆ ಆಧಾರವಾದವು. ಆ ಲಾಲ್‌ಬಾಗಿನಲ್ಲಿ ಕರ್ನಲ್ ಬೈಲಿಯ ಸ್ಮಾರಕ ಮಾತ್ರ ಇದೆ. ಅವನ ಬಂಧು, ಲಖನೌದಲ್ಲಿ ರೆಸಿಡೆಂಟನಾಗಿದ್ದ ಜಾನ್ ಬೈಲಿ 1816ರಲ್ಲಿ ಕಟ್ಟಿಸಿದ್ದು. ಈ ಜಾನ್ ಬೈಲಿ ಇನ್ವರ್‌ನೆಸ್ ಸಮೀಪದ ಲೀಸ್ ಮನೆತನದವನು, ಅರಬ್ಬಿ ಪಾರಸಿಗಳ ವಿದ್ವಾಂಸ. ಅವನು ಕೂಡಿಸಿದ ಹಸ್ತಪ್ರತಿಗಳು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿವೆ.

ಹಸ್ತಪ್ರತಿಯ ಮಾತು ಬಂದಾಗ ಇನ್ನೊಬ್ಬ ಸ್ಕಾಟಿನವನನ್ನು ನೆನೆಯದಿರುವುದು ಕೃತಘ್ನತೆಯಾದೀತು. ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನ ಕಾಲಿನ್ ಮೆಕೆಂಜಿ 1799ರ ಮುತ್ತಿಗೆಯ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದವನು. ಕೋಟೆ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಯ ಹೊಣೆ ಹೊತ್ತು ಊರೂರು ತಿರುಗಿದ. ನೆಲವನ್ನು ಅಳೆಯುತ್ತಲೇ ಕೈಫಿಯತ್ತು, ಶಾಸನಪ್ರತಿ, ಓಲೆಗರಿಗಳನ್ನು ಕೂಡಿಸಿದ. ಅವನ ಸಹಾಯಕರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನಿದ್ದ. ಅದೇ ಮಲೆಯೂರು ಕನಕಗಿರಿಯಲ್ಲಿ ಮೆಕೆಂಜಿಯನ್ನು ಕಂಡ ದೇವಚಂದ್ರ ಮುಂದೆ ‘ರಾಜಾವಳೀಕಥೆ’ಯನ್ನು ರಚಿಸಿದ. ಕೋಟೆಯನ್ನು ಒಡೆಯಲು ಬಂದ ಸೈನ್ಯದಲ್ಲಿಯೇ ಅದರ ಹಳೆಯ ಪಾಠಗಳನ್ನು ಹುಡುಕುವ ಕಣ್ಣೊಂದೂ ಬಂದಿತ್ತು. ಆ ಕಣ್ಣಿಗೆ ಓದಲು ಕಲಿಸಿದವರು ಈ ನಾಡಿನ ಪಂಡಿತರು.

ಹಳೆಯ ಪಾಠ ಎಷ್ಟು ಹಳೆಯದು? ಕೋಟೆಯೊಳಗೆ ಆದಿನಾಥ ಬಸದಿಯಿದೆ. ಪ್ರವಾಸಿಗರ ದಾರಿ ಅದರ ಕಡೆಗೆ ತಿರುಗುವುದು ಅಪರೂಪ. ಮೈಸೂರು ಗೆಜೆಟಿಯರಿನಲ್ಲಿ ದಾಖಲಾದ ಐತಿಹ್ಯದಂತೆ, 1454ರಲ್ಲಿ ನಾಗಮಂಗಲದ ತಿಮ್ಮಣ್ಣ ಕೋಟೆಯನ್ನು ಕಟ್ಟಿಸಿ ರಂಗನಾಥನ ಗುಡಿಯನ್ನು ವಿಸ್ತರಿಸಿದಾಗ, ಸಮೀಪದ ಕಳಸವಾಡಿಯಲ್ಲಿದ್ದ ನೂರೊಂದು ಬಸದಿಗಳ ಕಲ್ಲುಗಳನ್ನು ಬಳಸಿದ. ನೂರೊಂದು ಎಂಬುದು ಕಥೆಯ ಎಣಿಕೆಯೇ ಇರಬೇಕು. ಕಥೆಯನ್ನು ಶಾಸನದಂತೆ ಓದಲಾಗದು. ಹಳೆಯ ಜಗಳವನ್ನು ಕೆದಕಲು ಅದನ್ನು ಓದಬೇಕಾಗಿಯೂ ಇಲ್ಲ. ಕಲ್ಲು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವುದು ಈ ದ್ವೀಪದಲ್ಲಿ ಹೊಸತಲ್ಲ ಎಂಬಷ್ಟನ್ನು ಅದು ಹೇಳಿದರೆ ಸಾಕು. ಬಸದಿಯ ಕಲ್ಲು ಕೋಟೆಗೆ ಬಂದಿತೆಂದು ಐತಿಹ್ಯ. ಅರಮನೆಯ ತೊಲೆ ಚರ್ಚಿಗೆ ಹೋದುದು ಚರಿತ್ರೆ. ಮುಂದೆ ಚಿಕ್ಕದೇವರಾಜರ ಕಾಲಕ್ಕೆ ಇದೇ ಕೋಟೆಯಲ್ಲಿ ಮಂತ್ರಿಯಾಗಿದ್ದವನು ಯಳಂದೂರಿನ ವಿಶಾಲಾಕ್ಷ ಪಂಡಿತ, ಅವನು ಜೈನ. ಹೊನ್ನಮ್ಮನೂ ಅದೇ ಯಳಂದೂರಿನವಳು. ಒಂದು ಊರಿನ ಮಂತ್ರಿ, ಒಂದು ಊರಿನ ಊಳಿಗದವಳು. ಒಬ್ಬನ ಹೆಸರು ಆಡಳಿತದ ಚರಿತ್ರೆಯಲ್ಲಿ, ಒಬ್ಬಳ ಹೆಸರು ಕನ್ನಡದ ನಾಲಗೆಯ ಮೇಲೆ.

ಈ ಪಾಠಗಳಲ್ಲಿ ಯಾವುದು ಶುದ್ಧ, ಯಾವುದು ಅಶುದ್ಧ ಎಂದು ತೀರ್ಪು ಕೊಡುವುದು ಇಲ್ಲಿ ಸಲ್ಲದು. ಶ್ರೀರಂಗಪಟ್ಟಣದ ಹೆಸರು ಬಂದೊಡನೆ ಟಿಪ್ಪುವಿನ ಪರ, ಟಿಪ್ಪುವಿನ ವಿರುದ್ಧ ಎಂದು ಎರಡು ಪಂಗಡವಾಗುವುದು ಈಚಿನ ರೂಢಿ. ಆ ವಾಗ್ವಾದದಲ್ಲಿ ಇಬ್ಬರೂ ಒಪ್ಪುವ ಒಂದು ಸಂಗತಿಯೆಂದರೆ ಕೋಟೆಯನ್ನು ಹದಿನೆಂಟನೆಯ ಶತಮಾನದ ಕೊನೆಯ ಪುಟದಿಂದಲೇ ಓದಬೇಕೆಂಬುದು. ನಷ್ಟವಾಗುವುದು ಅಲ್ಲಿಯೇ. 1610ರಿಂದ 1799ರವರೆಗೆ ಈ ದ್ವೀಪ ರಾಜಧಾನಿಯಾಗಿದ್ದ ಸುಮಾರು ನೂರತೊಂಬತ್ತು ವರ್ಷಗಳಲ್ಲಿ ಯುದ್ಧದ ದಿನಗಳು ಎಷ್ಟೇ ಇರಲಿ, ಜನ ಬಾಳಿದ ದಿನಗಳು ಅವಕ್ಕಿಂತ ಹೆಚ್ಚು. ಆ ದಿನಗಳ ಲೆಕ್ಕ ಇರುವುದು ಸಾಂಗತ್ಯಗಳಲ್ಲಿ. ಅವನ್ನು ಓದುವವರು ಕಡಮೆಯಾದರೆ ಕೋಟೆಯಲ್ಲಿ ಉಳಿಯುವುದು ಒಂದು ಮಧ್ಯಾಹ್ನ ಮಾತ್ರ.

ಮಾಡಬಹುದಾದದ್ದು ದೊಡ್ಡದೇನಲ್ಲ. ಪ್ರವಾಸ ಹೊರಡುವ ಮುನ್ನ ಗೋವಿಂದವೈದ್ಯನ ಪಟ್ಟಣವರ್ಣನೆಯ ಭಾಗವನ್ನು ತರಗತಿಯಲ್ಲಿ ಓದಬಹುದು. ಅರಮನೆಯ ಬಯಲಿನಲ್ಲಿ ಕುಳಿತು ಹೊನ್ನಮ್ಮನ ಒಂದು ಸಂಧಿಯನ್ನು ಹಾಡಬಹುದು, ಸಾಂಗತ್ಯವಿರುವುದೇ ಹಾಡಲು. ಬಸದಿಯ ಬಾಗಿಲಲ್ಲಿ ಕಾಲುಗಂಟೆ ನಿಲ್ಲಬಹುದು. ಮಾರ್ಗದರ್ಶಕರನ್ನು ಕೇಳಬಹುದು, ಕೇಳುವವರಿದ್ದರೆ ಹೇಳುವವರೂ ತಿಳಿದುಕೊಳ್ಳುತ್ತಾರೆ.

ಸಂಜೆ ಬಸ್ಸು ಹೊರಡುವ ಮೊದಲು ಆ ಹಿರಿಯ ಮಾರ್ಗದರ್ಶಕರು ವಿದ್ಯಾರ್ಥಿನಿಯ ಬಳಿಗೆ ಬಂದು, ಹೊನ್ನಮ್ಮನ ಪುಸ್ತಕದ ಹೆಸರನ್ನು ಬರೆದುಕೊಡುವಂತೆ ಕೇಳಿದರು. ಅವಳು ಟಿಪ್ಪಣಿಯ ಹಾಳೆಯೊಂದನ್ನು ಹರಿದು ಬರೆದುಕೊಟ್ಟಳು. ಅವರು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.